ಹ್ಯಾವಿಂಗ್ ಯಾವಾಗ, ಬರೀ ಹ್ಯಾವ್ ಯಾವಾಗ

ನಂಗೊಂದು ಡೌಟಿದೆ ಅನ್ನೋಕೆ ನಾನು ವರ್ಷಗಟ್ಟಲೆ ‘ಐ ಆಮ್ ಹ್ಯಾವಿಂಗ್ ಎ ಡೌಟ್’ ಅಂತಾನೇ ಹೇಳ್ತಿದ್ದೆ, ಯಾರೂ ತಿದ್ದಲಿಲ್ಲ, ಸುತ್ತ ಇದ್ದೋರೂ ಹಾಗೇ ಹೇಳ್ತಿದ್ರು. ತಪ್ಪು ಅಂತ ಗೊತ್ತಾದ್ಮೇಲೂ ಯಾಕೆ ತಪ್ಪು ಅಂತ ತಿಳಿಯೋಕೆ ಇನ್ನಷ್ಟು ದಿನ ಹಿಡೀತು.

ನಾವು ಮಾತಾಡೋ ಕನ್ನಡದಲ್ಲಿ ಹ್ಯಾವ್‌ಗೆ ಸರಿಯಾಗಿ ಕೂರೋ ಕ್ರಿಯಾಪದಾನೇ ಇಲ್ಲ ನೋಡಿ. ನಂಗೆ ಇಬ್ರು ತಮ್ಮಂದಿರಿದ್ದಾರೆ, ನನ್ನ ಹತ್ರ ಪೆನ್ನಿದೆ, ನಂಗೆ ಜ್ವರ ಬಂದಿದೆ ಅಂತೀವಿ, ಇಲ್ಲಿ ಇರೋದು ತಮ್ಮಂದಿರು, ಇರೋದು ಪೆನ್ನು, ಬಂದಿರೋದು ಜ್ವರ, ‘ನಾನು’ ಏನೂ ಮಾಡ್ತಿಲ್ಲ. ಇಂಗ್ಲಿಷಲ್ಲಿ ಮೂರಕ್ಕೂ ‘ಐ ಹ್ಯಾವ್’ ಒಂದೇ ಸಾಕು, ‘ನಾನು’ ಕರ್ತೃ ಆಗ್ಬಿಡುತ್ತೆ. ನಮಗೆ ರೂಢಿ ಇಲ್ಲದ ಪದ ಆಗಿರೋದ್ರಿಂದಾನೇ ಅದಕ್ಕೊಂದು ‘ಇಂಗ್’ ಅಂಟಿಸಿಬಿಡ್ತೀವಿ ಅಂತ ನನಗನ್ಸುತ್ತೆ.

ನಾನು ಈಗ ಮಾಡೋದು ಇಷ್ಟೇ, ವಾಕ್ಯಾನ ಮನಸ್ಸಲ್ಲೇ ಕನ್ನಡದಲ್ಲಿ ಹೇಳ್ಕೊಂಡು ನೋಡ್ತೀನಿ, ಕೊನೇಲಿ ‘ಇದೆ, ಇದ್ದಾರೆ’ ಬಂದ್ರೆ ಬರೀ ಹ್ಯಾವ್, ‘ಮಾಡ್ತಿದೀನಿ, ಆಗ್ತಿದೆ’ ಥರ ಬಂದ್ರೆ ಹ್ಯಾವಿಂಗ್. ಡೌಟ್ ಇದೆ, ಹಾಗಾಗಿ ‘ಐ ಹ್ಯಾವ್ ಎ ಡೌಟ್’ (ಪ್ರಶ್ನೆ ಕೇಳೋದಿದ್ರೆ ‘ಐ ಹ್ಯಾವ್ ಎ ಕ್ವೆಶ್ಚನ್’ ಇನ್ನೂ ಚೆನ್ನಾಗಿರುತ್ತೆ, ಇಂಗ್ಲಿಷ್ ಮನೆಮಾತಾಗಿರೋರ ಡೌಟಲ್ಲಿ ಅಪನಂಬಿಕೆ ಜಾಸ್ತಿ). ಊಟ ಮಾಡ್ತಿದೀನಿ, ಹಾಗಾಗಿ ‘ಐ ಆಮ್ ಹ್ಯಾವಿಂಗ್ ಲಂಚ್’ ಪೂರ್ತಿ ಸರಿ. ನೀವು ಹೇಳೋದು ಕೇಳಿಸ್ಕೊಳ್ಳೋಕೆ ಕಷ್ಟ ಆಗ್ತಿದೆ, ‘ಐ ಆಮ್ ಹ್ಯಾವಿಂಗ್ ಟ್ರಬಲ್ ಹಿಯರಿಂಗ್ ಯು’, ಇದೂ ಸರಿ. ಆದ್ರೆ ‘ಶೀ ಹ್ಯಾಸ್ ಎ ಬೇಬಿ’ ಅಂದ್ರೆ ಅವಳಿಗೆ ಮಗು ಇದೆ, ‘ಶೀ ಈಸ್ ಹ್ಯಾವಿಂಗ್ ಎ ಬೇಬಿ’ ಅಂದ್ರೆ ಅವಳಿಗೆ ಮಗು ಆಗೋದ್ರಲ್ಲಿದೆ, ಒಂದು ‘ಇಂಗ್’ಗೆ ಎಷ್ಟು ವ್ಯತ್ಯಾಸ ನೋಡಿ.

‘ಡಸ್ ಶೀ ಹ್ಯಾಸ್’, ‘ಡಿಡ್ ಯು ಹ್ಯಾಡ್’ ಎರಡೂ ತಪ್ಪು, ಡಸ್, ಡಿಡ್ ಬಂದ್ಮೇಲೆ ಹ್ಯಾವ್ ಮಾತ್ರ.

ಇನ್ನು ಹ್ಯಾಡ್. ‘ನಿನ್ನೆ ಹೋಗಿದ್ದೆ’ ಅನ್ನೋದು ನಮ್ಮ ಬಾಯಲ್ಲಿ ಎಷ್ಟು ಸಹಜ ಅಂದ್ರೆ ಇಂಗ್ಲಿಷಲ್ಲೂ ಅದೇ ‘ಇದ್ದೆ’ಗೆ ಹ್ಯಾಡ್ ಹಾಕಿ ‘ಐ ಹ್ಯಾಡ್ ಗಾನ್ ಯೆಸ್ಟರ್ಡೇ’ ಅಂದ್ಬಿಡ್ತೀವಿ. ಅಲ್ಲಿ ‘ಐ ವೆಂಟ್ ಯೆಸ್ಟರ್ಡೇ’ ಸಾಕು. ಹಿಂದೆ ನಡೆದ ಎರಡು ಸಂಗತಿ ಇದ್ದು, ಯಾವ್ದು ಮೊದಲು ಅಂತ ಹೇಳ್ಬೇಕಾದಾಗ ಈ ಹ್ಯಾಡ್ ಬರುತ್ತೆ, ನಾನು ಸ್ಟೇಷನ್ ತಲುಪೋಷ್ಟರಲ್ಲಿ ಟ್ರೇನ್ ಹೊರಟುಹೋಗಿತ್ತು, ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್’.