ಕರಾವಳಿಯ ಚರ್ಮ, ಬಂಗು ಮತ್ತು ಲೇಸರ್

ಕಾರವಾರ, ಅಂಕೋಲಾ, ಕುಮಟಾ ಕಡೆ ಏಪ್ರಿಲ್–ಮೇನಲ್ಲಿ ಮದುವೆ ಇಟ್ಟುಕೊಂಡವರು ಮಾರ್ಚ್‌ನಲ್ಲಿ ಕೂದಲು ತೆಗೆಸಲು, ಬಂಗು ಅಳಿಸಲು ಲೇಸರ್ ಕೇಳಿಕೊಂಡು ಹೊರಡುತ್ತಾರೆ. ಇಡೀ ವರ್ಷದಲ್ಲಿ ಅದರಷ್ಟು ಕೆಟ್ಟ ತಿಂಗಳು ಇನ್ನೊಂದಿಲ್ಲ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಲೇಸರ್ ಬಿಟ್ಟರೆ ಸುಡುವ ಸಾಧ್ಯತೆ ಹೆಚ್ಚು. ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ ಶುರು ಮಾಡಿದರೆ ಮುಂದಿನ ಬೇಸಿಗೆಯೊಳಗೆ ಆರು ಸಿಟ್ಟಿಂಗ್ ಆದರೂ ಮುಗಿಯುತ್ತವೆ.

ಯಾಕೆ ಅಂದರೆ, ಲೇಸರ್‌ಗೆ ಕೂದಲು ಯಾವುದು, ಚರ್ಮ ಯಾವುದು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಬೇಕಾಗಿರುವುದು ಮೆಲನಿನ್ ಎಂಬ ಕಪ್ಪು ಬಣ್ಣ. ಅದು ಎರಡರಲ್ಲೂ ಇದೆ. 1960ರಲ್ಲಿ ಅಮೆರಿಕದ ವಿಜ್ಞಾನಿ ಥಿಯೋಡರ್ ಮೈಮನ್ ಉರಿಸಿದ ಮೊದಲ ಲೇಸರ್ ಮಾಣಿಕ್ಯದ ಹರಳಿನದು, 694 ನ್ಯಾನೋಮೀಟರ್ ತರಂಗದ್ದು. ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪರೀಕ್ಷಿಸಿದರು. ಆ ತರಂಗವನ್ನು ಮೆಲನಿನ್ ಗಬಕ್ಕನೆ ಹೀರುತ್ತದೆ. ಬಿಳಿ ಚರ್ಮ, ಕಪ್ಪು ಕೂದಲು ಇದ್ದವರಿಗೆ ಸರಿ. ನಮ್ಮಂಥವರಿಗೆ ಸುಟ್ಟ ಬೊಬ್ಬೆ ಖಾತ್ರಿ. ಚರ್ಮವನ್ನು ಅದು ಬಿಸಿಲಿಗೆ ಸುಡುವ, ಕಪ್ಪಾಗುವ ರೀತಿ ನೋಡಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿ 1975ರಲ್ಲಿ ಬಂದಾಗಲೂ ಅದರಲ್ಲಿ ಕಂದು, ಕಪ್ಪು ಚರ್ಮಕ್ಕೆ ಜಾಗ ಇರಲಿಲ್ಲ. 5 ಮತ್ತು 6ನೇ ವರ್ಗ ಆಮೇಲೆ ಸೇರಿದ್ದು. ಇಲ್ಲಿನವರು ಹೆಚ್ಚಾಗಿ 4 ಮತ್ತು 5.

ದಾರಿ ಬದಲಾದದ್ದು 1983ರಲ್ಲಿ. ಹಾರ್ವರ್ಡ್‌ನ ಸಂಶೋಧಕರಾದ ಆಂಡರ್ಸನ್ ಮತ್ತು ಪ್ಯಾರಿಶ್ ತೋರಿಸಿದ್ದು ಇಷ್ಟು: ಸರಿಯಾದ ತರಂಗ ಆರಿಸಿ, ಗುರಿ ತಣ್ಣಗಾಗಲು ಹಿಡಿಯುವ ಹೊತ್ತಿಗಿಂತ ಬೇಗ ಬೆಳಕು ಮುಗಿಸಿದರೆ ಗುರಿ ಮಾತ್ರ ಬೇಯುತ್ತದೆ, ಅಕ್ಕಪಕ್ಕ ಉಳಿಯುತ್ತದೆ. ದಪ್ಪ ಕೂದಲ ಬುಡ ತಣ್ಣಗಾಗಲು ಸುಮಾರು 40ರಿಂದ 100 ಮಿಲಿಸೆಕೆಂಡು ಬೇಕು. ಮೇಲ್ಚರ್ಮಕ್ಕೆ ಹತ್ತು ಮಿಲಿಸೆಕೆಂಡಿನ ಆಸುಪಾಸು ಸಾಕು. ಹಾಗಾಗಿ ಕಪ್ಪು ಚರ್ಮದವರಿಗೆ ಬೆಳಕನ್ನು ಹೆಚ್ಚು ಹೊತ್ತು ಎಳೆದು ಬಿಡುತ್ತಾರೆ. ಮೇಲ್ಚರ್ಮ ನಡುವೆಯೇ ಬಿಸಿ ಕಳೆದುಕೊಳ್ಳುತ್ತದೆ, ಬುಡ ಕಾಯುತ್ತಲೇ ಹೋಗುತ್ತದೆ. ಜೊತೆಗೆ ತರಂಗವೂ ಉದ್ದವಾಗುತ್ತ ಬಂತು: 755ರ ಅಲೆಕ್ಸಾಂಡ್ರೈಟ್, 810ರ ಆಸುಪಾಸಿನ ಡಯೋಡ್, 1064ರ ಎನ್‌ಡಿ-ಯಾಗ್. ಕೊನೆಯದನ್ನು ಮೆಲನಿನ್ ಕಡಿಮೆ ಹೀರುತ್ತದೆ, ಅದು ಆಳಕ್ಕೂ ಇಳಿಯುತ್ತದೆ. ತೀರಾ ಕಪ್ಪಗಿರುವವರಿಗೆ ಅದೇ ಕ್ಷೇಮ. ನೋವು ಜಾಸ್ತಿ, ಸಣ್ಣ ಕೂದಲ ಮೇಲೆ ಕೆಲಸ ಕಡಿಮೆ, ಅದೂ ನಿಜ.

ಕೂದಲು ತೆಗೆಸುವವರು ನಾಲ್ಕು ವಾರ ಮೊದಲೇ ವ್ಯಾಕ್ಸಿಂಗ್, ಥ್ರೆಡ್ಡಿಂಗ್ ನಿಲ್ಲಿಸಬೇಕು. ಬುಡವೇ ಕಿತ್ತು ಹೋದರೆ ಬೆಳಕಿಗೆ ಹಿಡಿಯಲು ಏನೂ ಇರುವುದಿಲ್ಲ. ಹಿಂದಿನ ದಿನ ನುಣ್ಣಗೆ ಬೋಳಿಸಿ. ಮೇಲೆ ಉಳಿದ ಮೋಟು ಕೂದಲು ಸುಟ್ಟು ಹ್ಯಾಂಡ್‌ಪೀಸಿನ ಗಾಜಿಗೆ ಕರಿಯಾಗಿ ಅಂಟುತ್ತದೆ. ಅದನ್ನು ಒರೆಸದೆ ಮುಂದಿನ ಶಾಟ್ ಕೊಟ್ಟರೆ ಆ ಕರಿಯೇ ಕಾದು ಚರ್ಮಕ್ಕೆ ಮುದ್ರೆ ಒತ್ತುತ್ತದೆ. ಚೌಕಾಕಾರದ ಸುಟ್ಟ ಗಾಯಗಳಲ್ಲಿ ಕೆಲವು ಹೀಗೇ ಆದವು. ತಣ್ಣನೆಯ ತುದಿ ಇರುವ ಯಂತ್ರವಾದರೆ ಮೊದಲು ನಿಮ್ಮ ಕೈಗೆ ತಾಗಿಸಿ ನೋಡಿ, ಕೊರೆಯಬೇಕು. ಶಾಟ್ ಆದ ಕೆಲವೇ ನಿಮಿಷದಲ್ಲಿ ಪ್ರತಿ ಕೂದಲ ಬುಡ ಸ್ವಲ್ಪ ಉಬ್ಬಿ ಕೆಂಪಾದರೆ ಪೆಟ್ಟು ಸರಿ ಬಿದ್ದಿದೆ. ಚರ್ಮ ಬೂದಿಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಬೇಕು. ಮುಖಕ್ಕೆ 4–6 ವಾರಕ್ಕೊಮ್ಮೆ, ಮೈಗೆ 6–8 ವಾರಕ್ಕೊಮ್ಮೆ. ಬಿಳಿ ಕೂದಲಿಗೆ ಯಾವ ಲೇಸರೂ ನಡೆಯದು. ದವಡೆ, ಕುತ್ತಿಗೆಯ ಎಳೆ ರೋಮಕ್ಕೆ ಹೆದರಿ ಹೆದರಿ ಕಡಿಮೆ ಶಕ್ತಿ ಕೊಟ್ಟರೆ ಕೆಲವರಲ್ಲಿ ಅದು ದಪ್ಪಗಾಗಿ ಬರುವುದುಂಟು. ಪಿಸಿಒಡಿ (ಅಂಡಾಶಯದ ಹಾರ್ಮೋನು ತೊಂದರೆ) ಇದ್ದವರು ಅದರ ಚಿಕಿತ್ಸೆಯನ್ನೂ ಜೊತೆಗೇ ನಡೆಸದಿದ್ದರೆ ದುಡ್ಡು ದಂಡ.

ಬಂಗು, ಅಂದರೆ ಮುಖದ ಮೇಲೆ ಏಳುವ ಕಂದು ಕಲೆ (ಮೆಲಾಸ್ಮಾ), ಬೇರೆಯೇ ಕತೆ. ಅದಕ್ಕೆ ಲೇಸರ್ ಕೊನೆಯ ಅಸ್ತ್ರ. ಅಂಗಡಿಗಳು ಅದನ್ನೇ ಮೊದಲು ಮಾರುತ್ತವೆ. ಬಂಗು ಏಳುವುದು ಬಿಸಿಲಿಗೆ, ಬಸುರಿಗೆ, ಹಾರ್ಮೋನು ಮಾತ್ರೆಗೆ; ಶಾಖಕ್ಕೂ ಕೆರಳುತ್ತದೆ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ದುಡಿಯುವವರಿಗೆ, ಮೀನು ಮಾರಲು ಬಯಲಲ್ಲಿ ಕೂರುವವರಿಗೆ, ಶಿರಸಿ ಕಡೆ ಅಡಿಕೆ ಬೇಯಿಸುವ ಒಲೆಯ ಮುಂದೆ ನಿಲ್ಲುವವರಿಗೆ ಈ ಕಾರಣಗಳು ದಿನವೂ ಎದುರಿಗೇ ಇವೆ. ಇದರ ಮೇಲೆ ಲೇಸರ್ ಶಾಖವನ್ನೂ ಹೇರಿದರೆ ಏನಾದೀತು ಅಂತ ಯೋಚಿಸಿ.

ಮೊದಲು ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖಕ್ಕೂ ಕುತ್ತಿಗೆಗೂ ಸರಿಹೋಗುತ್ತದೆ. ಕಡಲೆಕಾಳಿನಷ್ಟು ಹಚ್ಚಿ ‘ಪ್ರಯೋಜನ ಇಲ್ಲ’ ಅನ್ನಬೇಡಿ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಮೇಲು. ಇಲ್ಲಿನ ಬೆವರಿಗೆ ಎರಡು–ಮೂರು ತಾಸಿಗೆ ಮತ್ತೆ ಹಚ್ಚಬೇಕು. ಆಮೇಲೆ ವೈದ್ಯರು ಕೊಡುವ ಮೂರು ಔಷಧದ ಕ್ರೀಮ್: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಒಂದು ಸ್ಟೀರಾಯ್ಡ್. ರಾತ್ರಿ ಮಾತ್ರ, ಸಾಮಾನ್ಯವಾಗಿ 8–12 ವಾರ. ಬಸುರಿಯರಿಗೆ ಇದು ಸಲ್ಲದು. ಎಡವಟ್ಟು ಆಗುವುದು ಅದನ್ನೇ ಫೇರ್‌ನೆಸ್ ಕ್ರೀಮ್ ಅಂತ ವರ್ಷಗಟ್ಟಲೆ ಹಚ್ಚಿದಾಗ. ಚರ್ಮ ತೆಳ್ಳಗಾಗಿ, ಕೆಂಪು ನರಗಳು ಕಂಡು, ಮೊಡವೆ, ರೋಮ ಏಳುತ್ತವೆ, ಬಿಟ್ಟರೆ ಉರಿ. ಅಂಥ ಮುಖಕ್ಕೆ ಲೇಸರ್ ಮುಟ್ಟಿಸುವುದು ಬೇಡ.

‘ಲೇಸರ್ ಟೋನಿಂಗ್’ ಎಂದು ವಾರವಾರ ಮಾಡುವುದರಿಂದ ಬಂಗು ತಿಳಿಯಾದಂತೆ ಕಂಡರೂ ನಿಲ್ಲಿಸಿದ ಮೇಲೆ ಮರಳಿ ಬರುವುದು ಸಾಮಾನ್ಯ. ಹೆಚ್ಚು ಸಲ ಮಾಡಿಸಿದರೆ ಅಕ್ಕಿಕಾಳಿನಂಥ ಬಿಳಿ ಚುಕ್ಕೆ ಬೀಳುತ್ತವೆ. ಅವನ್ನು ಸರಿಮಾಡುವುದು ಬಂಗಿಗಿಂತ ಕಷ್ಟ. ಗೇರುಸೊನೆ ಹಚ್ಚಿ ನರೂಲಿ ಸುಡುವವರಿಗೂ ಇದೇ ಮಾತು: ಹೋಗುವುದು ನರೂಲಿ, ಉಳಿಯುವುದು ಕಪ್ಪು ಕಲೆ.

ಮೊಡವೆ ಬಿಟ್ಟುಹೋದ ಗುಳಿಗಳಿಗೆ ಫ್ರ್ಯಾಕ್ಷನಲ್ ಲೇಸರ್ ನಿಜಕ್ಕೂ ಒಳ್ಳೆಯ ಬೆಳವಣಿಗೆ. ಬಾರಾಮತಿಯಲ್ಲಿ ಹುಟ್ಟಿದ ವಿಜ್ಞಾನಿ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಟ್ಟಿದರು. ಅದು ಮುಂದೆ ಚರ್ಮದ ಮೇಲ್ಪದರವನ್ನೇ ಪೂರ್ತಿ ಕೆರೆಯುವ ಯಂತ್ರವಾಯಿತು. 2004ರಿಂದೀಚೆಗೆ ಸೂಜಿಮೊನೆಯಷ್ಟು ಕಂಬಗಳಲ್ಲಿ ಮಾತ್ರ ಸುಟ್ಟು, ನಡುವಿನ ಚರ್ಮ ಬಿಡುವ ಕ್ರಮ ಬಂತು. ಗಾಯ ಬೇಗ ಮಾಯುತ್ತದೆ. ನಮ್ಮ ಚರ್ಮಕ್ಕೆ ಆ ಕಂಬಗಳ ದಟ್ಟಣೆ ಕಡಿಮೆ ಇಡಬೇಕು. ಆಳವಾದ ಚೂಪು ಗುಳಿಗೆ ಟಿಸಿಎ ಆಮ್ಲದ ಚುಚ್ಚು, ಒಳಗೆ ಜಗ್ಗಿದ ಗುಳಿಗೆ ಸೂಜಿಯಿಂದ ಅಡಿ ಬಿಡಿಸುವುದು, ಹೀಗೆ ಗುಳಿಗೊಂದು ಮದ್ದು.

ಹೊಸ ಯಂತ್ರಕ್ಕೆ ಕೂರುವ ಮೊದಲು ಕಿವಿಯ ಹಿಂದೆ ಅಥವಾ ದವಡೆಯ ಕೆಳಗೆ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ, ಎರಡು ವಾರವಾದರೂ ಕಾಯಿರಿ. ಸುಟ್ಟದ್ದು ಒಂದೆರಡು ದಿನದಲ್ಲಿ ಗೊತ್ತಾಗುತ್ತದೆ, ಕಪ್ಪು ಕಲೆ ತಡವಾಗಿ ಏಳುತ್ತದೆ. ಪ್ರತಿ ಸಿಟ್ಟಿಂಗ್ ಆದ ಮೇಲೆ ತರಂಗ, ಸ್ಪಾಟ್ ಅಳತೆ, ಚದರ ಸೆಂಟಿಮೀಟರಿಗೆ ಎಷ್ಟು ಜೌಲ್, ಎಷ್ಟು ಮಿಲಿಸೆಕೆಂಡು ಎಂದು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಹುಬ್ಬಳ್ಳಿಗೋ ಗೋವಾಕ್ಕೋ ಮಂಗಳೂರಿಗೋ ಹೋದರೆ ಅಲ್ಲಿನ ವೈದ್ಯರು ಆ ಅಂಕಿಗಳಿಂದಲೇ ಮುಂದುವರಿಸಬಹುದು.