ಆಗುಂಬೆಗೆ ಹೊರಡುವ ಮುಂಚೆ ಬಾನೆಟ್ ಎತ್ತಿ ನೋಡಿ

ಬೆಂಗಳೂರಿಂದ ಆಗುಂಬೆಗೆ ಸುಮಾರು 350 ಕಿ.ಮೀ. ಹೋಗುವಾಗ ಕಾರು ಒಂಚೂರೂ ತೊಂದರೆ ಕೊಡಲಿಲ್ಲ. ರಾತ್ರಿಯಿಡೀ ಮಳೆ. ಬೆಳಗ್ಗೆ ಹೋಂಸ್ಟೇ ಅಂಗಳದಲ್ಲಿ ಕೀ ತಿರುಗಿಸಿದರೆ ಬರೀ ಟಕ್ ಟಕ್ ಟಕ್. ಹಿಂದಿನ ಸೀಟಲ್ಲಿ ಅಮ್ಮ, ಮಕ್ಕಳು. ಮೊಬೈಲಿಗೆ ಸಿಗ್ನಲ್ ಇಲ್ಲ. ಗಾಬರಿಯಲ್ಲಿ ನಾಲ್ಕೈದು ಸಲ ತಿರುಗಿಸಿದೆ.

"ಎಂತ ಆಯ್ತು ಮಾರಾಯ್ರೆ? ಸುಮ್ನೆ ಸೆಲ್ಫ್ ಹೊಡೀಬೇಡಿ, ಇರೋ ಚಾರ್ಜೂ ಹೋಗ್ತದೆ" ಅಂತ ಮನೆಯ ಯಜಮಾನರು ಓಡಿಬಂದರು.

ಮೊದಲು ಸದ್ದು ಕೇಳಬೇಕು. ಟಕ್ ಟಕ್ ಅಂದು ಡ್ಯಾಶ್‌ಬೋರ್ಡ್ ದೀಪ ಮಂಕಾದರೆ ಹೆಚ್ಚಾಗಿ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್, ಅಂದರೆ ವೈರ್ ಕೂರುವ ಲೋಹದ ತುದಿ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಪೆಟ್ರೋಲ್, ಫ್ಯೂಯೆಲ್ ಪಂಪ್, ಸ್ಪಾರ್ಕ್ ಕಡೆ ನೋಡಿ. ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಕಾರು ನಿಮ್ಮ ಕೀಲಿಯನ್ನೇ ಗುರುತಿಸಿಲ್ಲ, ಇನ್ನೊಂದು ಕೀ ಹಾಕಿ ನೋಡಿ. ಮಳೆಗಾಲದಲ್ಲಿ ಒಂದು ಮಾತು ನೆನಪಿರಲಿ. ನೀರಲ್ಲಿ ಮುಳುಗಿ ನಿಂತ ಕಾರಿಗೆ ಸೆಲ್ಫ್ ಹೊಡೆಯಲೇಬೇಡಿ. ಎಂಜಿನ್ ಒಳಗೆ ನೀರು ಸೇರಿದ್ದರೆ ಒಳಗಿನ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡೇ ಬಾಗಬಹುದು.

ನಮ್ಮದು ಟರ್ಮಿನಲ್. ಬಾನೆಟ್ ಎತ್ತಿ ಅದಕ್ಕೆ ವೈರ್ ಬಿಗಿಯುವ ಕ್ಲ್ಯಾಂಪ್ ಹಿಡಿದು ತಿರುಗಿಸಿದರೆ ಬಾಟಲಿ ಮುಚ್ಚಳದ ಹಾಗೆ ತಿರುಗಿತು! ಸುತ್ತ ಬಿಳಿ-ನೀಲಿ ಪುಡಿ ಉಪ್ಪಿನ ಹಾಗೆ ಕೂತಿತ್ತು. ಹೊರಡುವ ಹಿಂದಿನ ವಾರವಷ್ಟೇ ಸರ್ವಿಸ್ ಮಾಡಿಸಿದ್ದೆ. ಅಲ್ಲಿ ಯಾರೂ ಅದನ್ನು ಮುಟ್ಟಿ ನೋಡಿರಲಿಲ್ಲ ಅನ್ನೋದು ಈಗಲೂ ಬೇಜಾರು. ಹತ್ತು ಎಂ.ಎಂ. ಸ್ಪ್ಯಾನರ್‌ನಿಂದ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿದೆವು. ಯಜಮಾನರು ಹಂಡೆಯಿಂದ ಬಿಸಿನೀರು ತಂದು ಹುಯ್ದರು, ಪುಡಿ ಕರಗಿ ಹೋಯಿತು. ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಈ ಸಲ ಪ್ಲಸ್ ಮೊದಲು ಬಿಗಿದೆವು. ಕೈಗೆ ಪುಡಿ ತಾಗದ ಹಾಗೆ ನೋಡಿಕೊಳ್ಳಿ, ಆಸಿಡ್ ಅಲ್ವಾ.

ಅಷ್ಟಕ್ಕೂ ಹತ್ತದಿದ್ದರೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ತರುವ ಜಂಪರ್ ಕೇಬಲ್. ಎರಡು ಪ್ಲಸ್‌ಗಳಿಗೆ ಕೆಂಪು, ಒಳ್ಳೆ ಬ್ಯಾಟರಿಯ ಮೈನಸ್‌ಗೆ ಕಪ್ಪು. ಕಪ್ಪಿನ ಇನ್ನೊಂದು ತುದಿಯನ್ನು ನಿಂತ ಕಾರಿನ ಬ್ಯಾಟರಿಗಲ್ಲ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಚ್ಚಿ, ಕಿಡಿ ಬ್ಯಾಟರಿಯ ಹತ್ತಿರ ಹಾರಬಾರದು. ತಳ್ಳಿ ಸ್ಟಾರ್ಟ್ ಮಾಡೋದು ಗೇರ್ ಕಾರಿಗೆ ಮಾತ್ರ, ಆಟೋಮ್ಯಾಟಿಕ್‌ಗೆ ಆಗದು. ಸ್ಪ್ಯಾನರ್, ಕೇಬಲ್, ಟಾರ್ಚ್ ಡಿಕ್ಕಿಯಲ್ಲಿರಲಿ. ಬ್ಯಾಟರಿಗೆ ನಾಲ್ಕು ವರ್ಷ ದಾಟಿದ್ದರೆ ಊರಲ್ಲೇ ಚೆಕ್ ಮಾಡಿಸಿ.

ಘಾಟಿಯ ಹೇರ್‌ಪಿನ್ ತಿರುವುಗಳನ್ನು ಇಳಿದು ಹೆಬ್ರಿಯವರೆಗೂ ಎಂಜಿನ್ ಆಫ್ ಮಾಡಲಿಲ್ಲ. ಅಲ್ಲಿ ಚಾ ಕುಡಿದು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹತ್ತಿತು.