ಜನರಲ್ ಲೀ ಮಗನಿಗೆ ಬರೆದ ‘ಕರ್ತವ್ಯ’ದ ಪತ್ರ ಅಸಲಿಯೇ?

ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿಯಾಗಿದ್ದ ರಾಬರ್ಟ್ ಇ. ಲೀ, ಮಿಲಿಟರಿ ಅಕಾಡೆಮಿಯಲ್ಲಿ ಓದುತ್ತಿದ್ದ ಮಗ ಕಸ್ಟಿಸ್‌ಗೆ ಬರೆದದ್ದೆನ್ನುವ ಈ ಪತ್ರ ಖೋಟಾ. ‘ನಮ್ಮ ಭಾಷೆಯಲ್ಲಿ ಕರ್ತವ್ಯಕ್ಕಿಂತ ಉದಾತ್ತವಾದ ಪದವಿಲ್ಲ’ ಎಂಬ ಸಾಲು ಮಾತ್ರ ಇಂದಿಗೂ ಲೀ ಹೆಸರಲ್ಲೇ ಓಡಾಡುತ್ತಿದೆ.

ಪತ್ರ ಅಚ್ಚಾದದ್ದು 1864ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನ ‘ಸನ್’ ಪತ್ರಿಕೆಯಲ್ಲಿ. ಯುದ್ಧ ಇನ್ನೂ ನಡೆಯುತ್ತಿತ್ತು, ಪತ್ರಿಕೆ ಎದುರು ಪಕ್ಷದ ಊರಿನದು; ಅನುಮಾನಕ್ಕೆ ಅಷ್ಟೇ ಸಾಕಿತ್ತು. ಆದರೂ ಅದನ್ನು ಖೋಟಾ ಎಂದು ಸಾಧಿಸಿ ತೋರಿಸಲು 1914 ಬರಬೇಕಾಯಿತು. ತೋರಿಸಿದವರು ವರ್ಜೀನಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಚಾರ್ಲ್ಸ್ ಗ್ರೇವ್ಸ್.

ಸಿಕ್ಕಿಬಿದ್ದದ್ದು ಒಳಗಿನ ವಿವರದಲ್ಲೇ. ಪತ್ರದ ತಲೆಯಲ್ಲಿ ಲೀ ಕುಟುಂಬದ ಆರ್ಲಿಂಗ್ಟನ್ ಮನೆಯ ವಿಳಾಸ, 5 ಏಪ್ರಿಲ್ 1852ರ ತಾರೀಖು. ಆ ದಿನಗಳಲ್ಲಿ ಲೀ ಇದ್ದದ್ದು ಬಾಲ್ಟಿಮೋರ್ ಬಂದರಿನಲ್ಲಿ, ಫೋರ್ಟ್ ಕ್ಯಾರೊಲ್ ಕೋಟೆ ಕಟ್ಟಿಸುವ ಕೆಲಸದ ಮೇಲೆ. ಪತ್ರ ಶುರುವಾಗುವುದೇ ‘ನನ್ನ ಹಳೆಯ ರೆಜಿಮೆಂಟಿಗೆ ನ್ಯೂ ಮೆಕ್ಸಿಕೋಗೆ ಹೋಗಲು ಆಜ್ಞೆಯಾಗಿದೆ, ನಾನೂ ಹೊರಟಿದ್ದೇನೆ’ ಎಂಬರ್ಥದ ಮಾತಿನಿಂದ. ಲೀ ಆಗ ಎಂಜಿನಿಯರ್ ದಳದ ಅಧಿಕಾರಿ. ಅವನಿಗೆ ರೆಜಿಮೆಂಟ್ ಎಂಬುದು ಸಿಕ್ಕಿದ್ದೇ 1855ರಲ್ಲಿ, ಎರಡನೇ ಅಶ್ವದಳಕ್ಕೆ ಹೋದಾಗ. 1852ರ ಸೆಪ್ಟೆಂಬರಿನಲ್ಲಿ ಅವನು ಹೋದದ್ದು ನ್ಯೂ ಮೆಕ್ಸಿಕೋಗಲ್ಲ, ಮಗ ಓದುತ್ತಿದ್ದ ವೆಸ್ಟ್ ಪಾಯಿಂಟಿಗೇ, ಅಕಾಡೆಮಿಯ ಮುಖ್ಯಸ್ಥನಾಗಿ. ಕರ್ತವ್ಯಕ್ಕೆ ಉದಾಹರಣೆಯಾಗಿ ಬರುವ ಕಥೆ 1780ರಲ್ಲಿ ಹಾಡುಹಗಲೇ ಕತ್ತಲು ಕವಿದಾಗ ಕನೆಕ್ಟಿಕಟ್ ಶಾಸನಸಭೆಯಲ್ಲಿ ದೀಪ ತರಿಸಿ ಕೆಲಸ ಮುಂದುವರಿಸಲು ಹೇಳಿದ ಸದಸ್ಯ ಡೇವನ್‌ಪೋರ್ಟನದು. ಅದು ಉತ್ತರದವರ ಕಥೆ. ದಕ್ಷಿಣದ ವರ್ಜೀನಿಯಾದವನಾದ ಲೀ ಹೇಳಬಾರದೆಂದಿಲ್ಲ, ಆದರೆ ಬರೆದವನು ಯಾವ ಕಡೆಯವನಿರಬಹುದು ಎಂಬುದರ ವಾಸನೆ ಅಲ್ಲಿದೆ.

ಇಂಥ ಹಳೆಯ ಪತ್ರದ ಕಾಗದವೇ ಕೈಯಲ್ಲಿ ಇದ್ದವರೂ ಇದೇ ಕ್ರಮ ಹಿಡಿಯುವುದು ಮೇಲು: ಬರೆದವನು ಆ ತಾರೀಖಿಗೆ ಎಲ್ಲಿದ್ದ, ಯಾವ ಹುದ್ದೆಯಲ್ಲಿದ್ದ ಎಂದು ಮೊದಲು ನೋಡಿ, ಶಾಯಿಯ ಪರೀಕ್ಷೆ ಆಮೇಲೆ. ಆ ಕಾಲದ ಸಾಮಾನ್ಯ ಶಾಯಿ ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಒಂದು ಲವಣ), ಜಾಲಿ ಜಾತಿಯ ಮರದ ಅಂಟು ಸೇರಿಸಿ ಮಾಡಿದ್ದು. ಬರೆದಾಗ ಪೇಲವ, ಗಾಳಿ ತಗುಲಿದಂತೆ ಕಪ್ಪು, ವರ್ಷ ಕಳೆದಂತೆ ಕಂದು. 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ, ಒತ್ತಿ ಕೆಳಗೆಳೆದ ಗೆರೆಯ ಎರಡು ಅಂಚಿಗೂ ಗಾಢ ಗೀರು ಕಾಣಬೇಕು. ಉಕ್ಕಿನ ನಿಬ್ಬಿನ ಸೀಳಿದ ಎರಡು ತುದಿ ಅಗಲವಾದಾಗ ಬೀಳುವ ಗುರುತದು. ಕಲ್ಲಚ್ಚಿನಲ್ಲಿ (ಲಿಥೋಗ್ರಾಫ್) ಮುದ್ರಿಸಿದ ಪ್ರತಿಯಲ್ಲಿ ಗೆರೆಯೆಲ್ಲ ಒಂದೇ ಸಮ. ಮಡಿಕೆಯ ಮೇಲೆ ಹಾಯುವ ಅಕ್ಷರವನ್ನೂ ಬಿಡಬೇಡಿ: ಕಾಗದ ಮಡಿಸಿ ಹಳೆಯದಾದ ಮೇಲೆ ಬರೆದದ್ದಾದರೆ, ಹರಿದ ನಾರಿನೊಳಕ್ಕೆ ಶಾಯಿ ಇಳಿದು ಹರಡಿರುತ್ತದೆ. ನೇರಳಾತೀತ ಬೆಳಕಿನಲ್ಲಿ ಕಾಗದ ನೀಲಿ ಬಿಳುಪಾಗಿ ಹೊಳೆದರೆ ಅದು 20ನೇ ಶತಮಾನದ ನಡುಭಾಗದಿಂದೀಚಿನ ಬೆಳ್ಳಗಾಗಿಸುವ ರಾಸಾಯನಿಕ ಸೇರಿದ್ದು. ಹೊಳೆಯದಿದ್ದರೂ ಅಸಲಿ ಎನ್ನುವಂತಿಲ್ಲ. ಹಳೆಯ ಪುಸ್ತಕಗಳ ಖಾಲಿ ಹಾಳೆ ಕಿತ್ತು ಬರೆಯುವುದು ಖೋಟಾಗಾರರ ಹಳೆಯ ವಿದ್ಯೆ.

ಮನೆಯವರಿಗೆ ಬರೆದ ಪತ್ರವಾದರೆ ಸಹಿಯ ರೀತಿಯೂ ಮುಖ್ಯ. ಲೀಯ ಎದುರಾಳಿ, ಉತ್ತರದ ಸೇನಾನಿ ಗ್ರಾಂಟ್ ಸರ್ಕಾರಿ ಕಾಗದಗಳಲ್ಲಿ ಯು. ಎಸ್. ಗ್ರಾಂಟ್, ಹೆಂಡತಿ ಜೂಲಿಯಾಗೆ ಬರೆದವುಗಳಲ್ಲಿ ಸಾಮಾನ್ಯವಾಗಿ ಬರೀ ‘ಯುಲಿಸ್’. ಹೆಂಡತಿಗೆ ಬರೆದ ಕಾಗದದ ಕೆಳಗೆ ಪೂರ್ತಿ ಅಧಿಕೃತ ಸಹಿ ಕಂಡರೆ, ದುಡ್ಡು ಕೊಡುವ ಮುಂಚೆ ಇನ್ನೊಮ್ಮೆ ಯೋಚಿಸಿ.